ಅತ್ತೆಯ ಕೈ

ಜೋಳದ ಹಿಟ್ಟಿನ ಮುದ್ದೆಯನ್ನು ಶಿವಲೀಲಾ ಅಂದು ಮೊದಲ ಸಲ ಬರಿಗೈಯಲ್ಲೇ ಬಡಿಯತೊಡಗಿದಳು. ಗೂಟಕ್ಕೆ ನೇತುಹಾಕಿದ್ದ ಅತ್ತೆಯ ಕೈಗವಸುಗಳು ಆ ತಾಳಕ್ಕೆ ಬೆರಳು ಆಡಿಸುತ್ತಿದ್ದವು. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾದರೂ ಆಕೆಯ ಹದವೆಲ್ಲ ಅವುಗಳೊಳಗಿತ್ತು. ಎಲ್ಲ ಮನೆಗಳಂತೆ ಇಲ್ಲೂ ಹಿರಿಯರ ಕೈಯೇ ರೊಟ್ಟಿ ಬಡಿಯುತ್ತಿತ್ತು. ಗವಸು ತೊಟ್ಟು ಶಿವಲೀಲಾ ಬರೀ ತೋಳು ಕೊಡುತ್ತಿದ್ದಳು.

ಎರಡು ರೊಟ್ಟಿ ಹರಿದವು. ಮೂರನೆಯದು ಅಂಚು ಸೀಳಿದ್ದರೂ ಹಂಚಿನ ಮೇಲೆ ಉಬ್ಬಿತು. ಅವಳ ಎದೆಯೂ ಉಬ್ಬಿತು.

ಗಂಡ ಈರಪ್ಪ ಒಂದು ತುತ್ತು ಮುರಿದು ಅಗಿದ. "ಯಾರ ಕೈ ರೊಟ್ಟಿ ಇದು?"

"ನಂದು."

"ದಪ್ಪ ಆಗೇತಿ. ನಡುವ ಹಸೀನೂ ಐತಿ." ಹಾಗೆನ್ನುತ್ತಲೇ ಅಷ್ಟನ್ನೂ ತಿಂದು ಮುಗಿಸಿದ ಅವನು ಗವಸುಗಳನ್ನು ತಂದು ಅವಳ ಮುಂದೆ ಹಿಡಿದ. "ಇನ್ನೊಂದಕ್ಕ ಅವ್ವನ ಕೈ ಹಾಕ್ಕೊ."

ಶಿವಲೀಲಾ ಮುಂದಿನ ಮುದ್ದೆ ಎತ್ತಿಕೊಂಡಳು.

"ಒಲ್ಲೆ."