ಡಾಕ್ಟರ ಕಾಲಿಗೆ ಕಟ್ಟಿದ ನೋವು

ಮೊಣಕಾಲು ನೋವಿಗೆ ಔಷಧಿ ಬರೆಯುವ ಡಾಕ್ಟರು ಮೊದಲು ಆ ನೋವನ್ನು ಸಂಜೆಯವರೆಗೆ ತಾವೇ ಅನುಭವಿಸಬೇಕೆಂಬ ಕಾನೂನು ಬಂದ ಮೇಲೆ ಶಂಕ್ರವ್ವ ಗದಗಿನ ದವಾಖಾನೆಗೆ ಬಂದದ್ದು ಅದೇ ಮೊದಲು. ನರ್ಸು ಬಿಪಿ ಪಟ್ಟಿ ಸುತ್ತಿದಷ್ಟೇ ಸಲೀಸಾಗಿ ಶಂಕ್ರವ್ವ, ಡಾಕ್ಟರು ಇಬ್ಬರ ಮೊಣಕಾಲಿಗೂ ಪಟ್ಟಿ ಕಟ್ಟಿದಳು. ಶಂಕ್ರವ್ವನ ನೋವು ಡಾಕ್ಟರ್ ವಿಮಲಾ ಅವರ ಕಾಲಿಗೆ ಹೋಯಿತು.

“ರೊಟ್ಟಿ ಬಡಿಯೂದಕ್ಕ ಹೆಂಗ ಕೂಡ್ತೀರಿ, ತೋರಸ್ರಿ.”

ಶಂಕ್ರವ್ವ ನೆಲದ ಮೇಲೆ ಕಾಲು ಮಡಚಿ ಕೂತಳು. ಡಾಕ್ಟರೂ ಹಾಗೆಯೇ ಕೂತರು. ಏಳಲು ಹೋದವರು ಗೋಡೆ ಹಿಡಿದು, “ಯವ್ವಾ!” ಎಂದು ಚೀರಿದರು.

“ಇಂಥಾದ್ದು ಇಟ್ಕೊಂಡು ಮನಿಮಂದಿಗೆಲ್ಲ ರೊಟ್ಟಿ ಬಡದೀರಿ?”

“ವಯಸ್ಸಾತು, ತಡ್ಕೋಬೇಕು ಅಂತಿದ್ರು ಮೊದಲಿನ ಡಾಕ್ಟರು.”

“ಅವರ ಕಾಲಿಗೆ ಕಟ್ಟಬೇಕಿತ್ತು ಇದನ್ನ! ಇನ್ಮ್ಯಾಲೆ ಒಲಿನ ಎತ್ತರದ ಕಟ್ಟಿ ಮ್ಯಾಲಿಟ್ಟು, ನಿಂತು ಬಡೀರಿ. ತೊಡಿಗೆ ಬಲ ಬರೂ ವ್ಯಾಯಾಮ ನಾನ ಕಲಸ್ತೀನಿ. ವಾರಕ್ಕೊಮ್ಮೆ ಬರ್ರಿ.”

ಶಂಕ್ರವ್ವ ಡಾಕ್ಟರ ಮುಖ ನೋಡಿದಳು. ಮನೆಯವರೇ ನಂಬದಿದ್ದ ನೋವು ಈಗ ಇನ್ನೊಬ್ಬರ ಕಣ್ಣಲ್ಲಿ ನೀರಾಗಿ ನಿಂತಿತ್ತು. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ಅವಳು ಸಲೀಸಾಗಿ ಬಗ್ಗಿ, ಡಾಕ್ಟರ ಪಟ್ಟಿಯ ಗಂಟಿಗೆ ಕೈ ಹಾಕಿದಳು.

“ಸಾಕು, ನನ್ನ ನೋವು ನನಗ ಕೊಡು ನನ್ನವ್ವ. ಹೊರಗ ಇನ್ನೂ ಮಂದಿ ಕುಂತಾರ. ನನಗ ರೂಢಿ ಐತಿ.”