ಸ್ಲ್ಯಾಶ್ ಇಲ್ಲದ ವಿಳಾಸ

"ಇವತ್ತೂ ಸೊನ್ನೆ ತಾನೇ?" ಅತ್ತೆ ಕನ್ನಡಕ ಒರೆಸುತ್ತ ಕೇಳಿದರು.

"ಇನ್ನೂ ಒಂದು ತಿಂಗಳಾಗಿದೆ ಅಷ್ಟೇ, ಅತ್ತೆ," ಎಂದ ಅಳಿಯ, ಕಂಪ್ಯೂಟರಿನಿಂದ ತಲೆ ಎತ್ತದೆ.

ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದ ಅತ್ತೆಗೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಮಾತು ಬರೆಯಲೆಂದು ಅವನೇ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಸರ್ವರ್ ನೋಡಿಕೊಳ್ಳುವುದೇ ಅವನ ಕಸುಬು. ಒಂದು ಪತ್ರವೂ ಬಂದಿರಲಿಲ್ಲ.

"ಹೋಗ್ಲಿ ಬಿಡಿ ಅಳಿಯಂದ್ರೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?" ಎಂದು ನಕ್ಕು ಅತ್ತೆ ಒಳಗೆ ಹೋದರು.

ಆ ನಗು ನೋಡಿ ಪಾಪ ಅನಿಸಿ ಅಳಿಯ ಒಂದು ಕಳ್ಳ ಕೆಲಸಕ್ಕೆ ಕೈ ಹಾಕಿದ. ಇಲ್ಲದ ವಿದ್ಯಾರ್ಥಿಯೊಬ್ಬನನ್ನು ಹುಟ್ಟಿಸಿ, 'ಟೀಚರ್, ನೀವು ಕಿವಿ ಹಿಂಡದಿದ್ದರೆ ನಾನು ಉದ್ಧಾರ ಆಗ್ತಿರ್ಲಿಲ್ಲ' ಎಂದು ಬರೆದು ಬಟನ್ ಒತ್ತಿದ. 'ಧನ್ಯವಾದ, ನಿಮ್ಮ ಪತ್ರ ತಲುಪಿತು' ಎಂದಿತು ಪರದೆ. ಅತ್ತೆಯ ಇನ್‌ಬಾಕ್ಸ್ ತೆರೆದರೆ ಖಾಲಿ. ಮತ್ತೊಮ್ಮೆ ಕಳಿಸಿದ. ಮತ್ತೆ ಧನ್ಯವಾದ, ಮತ್ತೆ ಖಾಲಿ.

ಸರ್ವರಿನಲ್ಲಿ ತಾನು ಬರೆದದ್ದನ್ನೆಲ್ಲ ತೆರೆದು ನೋಡಿದ. ವಿಳಾಸದ ಕೊನೆಯ ಸ್ಲ್ಯಾಶ್, ಆ ಪುಟ್ಟ ಓರೆಗೆರೆ, ಹಾಕುವುದನ್ನು ಜನ ಮರೆಯುತ್ತಾರೆ. ಮರೆತರೆ ಪುಟ ತೆರೆಯದು. ಅದಕ್ಕೇ, ಗೆರೆಯಿಲ್ಲದೆ ಬಂದವರನ್ನು ಗೆರೆಯಿರುವ ವಿಳಾಸಕ್ಕೆ ದಾಟಿಸುವ ನಿಯಮವೊಂದನ್ನು ಅವನು ಸರ್ವರಿಗೆ ಬರೆದಿದ್ದ. ಆದರೆ ಪತ್ರ ಕಳಿಸುವ ಬಟನ್ನಿನ ವಿಳಾಸದಲ್ಲಿ ಅದೇ ಗೆರೆಯನ್ನು ತಾನೇ ಮರೆತಿದ್ದ, ಮಹಾನುಭಾವ! ಸರ್ವರ್ ಬಂದವರನ್ನು ಮರ್ಯಾದೆಯಿಂದ ಸರಿಯಾದ ಬಾಗಿಲಿಗೆ ಕಳಿಸುತ್ತಿತ್ತು. ಕೈಯಲ್ಲಿದ್ದ ಪತ್ರ ಮಾತ್ರ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಬರಿಗೈಯಲ್ಲಿ ಬಂದವರಿಗೂ ಆ ಬಾಗಿಲು 'ಧನ್ಯವಾದ' ಎನ್ನುತ್ತಿತ್ತು. ಮೊದಲ ದಿನ ಒಮ್ಮೆ ಒತ್ತಿ ನೋಡಿ, 'ಧನ್ಯವಾದ' ಕಂಡೊಡನೆ ಆಯಿತೆಂದು ಎದ್ದುಬಿಟ್ಟಿದ್ದ. ಇನ್‌ಬಾಕ್ಸ್ ತೆರೆದಿರಲಿಲ್ಲ.

ಬಂದುಹೋದದ್ದೆಲ್ಲ ದಾಖಲಾಗುವ ಸರ್ವರಿನ ಲಾಗ್ ತೆಗೆದು, ಕಳೆದುಹೋದ ಪತ್ರಗಳನ್ನು ಎಣಿಸಿದ. ತನ್ನವು ಮೂರು ಬಿಟ್ಟು ಇನ್ನೂರ ಹದಿನೇಳು. ಬಂದ ದಿನ, ಗಂಟೆ ಅಷ್ಟೇ ಉಳಿದಿತ್ತು. ಯಾರು ಬರೆದರು, ಏನು ಬರೆದರು ಎಂಬುದು ಎಲ್ಲೂ ಇರಲಿಲ್ಲ.

ತಪ್ಪು ತಿದ್ದಿ, ಒಳಗೆ ಹೋಗಿ ಎಲ್ಲ ಹೇಳಿಬಿಟ್ಟ. "ತಪ್ಪು ನನ್ನದೇ, ಅತ್ತೆ. ನಿಮ್ಮನ್ನ ಯಾರೂ ಮರೆತಿಲ್ಲ. ಇನ್ನೂರ ಹದಿನೇಳು ಜನ ಬರೆದಿದ್ದಾರೆ!"

ಅತ್ತೆಯ ಮುಖ ಊರಗಲ ಆಯಿತು. ಆ ಸಂಖ್ಯೆಯನ್ನು ಎರಡು ಸಲ ಹೇಳಿಕೊಂಡರು. ಮೂರನೆಯ ಸಲಕ್ಕೆ ಕನ್ನಡಕ ತೆಗೆದು ಅವನತ್ತ ನೋಡಿದರು.

"ಪತ್ರ ತಲುಪಿತು ಅಂತ ಅವರಿಗೆಲ್ಲ ಹೇಳಿದೆ ಅಲ್ವಾ, ನಿಮ್ಮ ಸರ್ವರು?"

"ಹೌದು, ಅತ್ತೆ."

"ಹಾಗಾದ್ರೆ ಇನ್ನೂರ ಹದಿನೇಳು ಮಕ್ಕಳು, ಉತ್ತರ ಬರ್ಲಿಲ್ಲ, ಟೀಚರ್ ನಮ್ಮನ್ನ ಮರೆತೇಬಿಟ್ರು ಅಂದ್ಕೊಂಡು ಕೂತಿದ್ದಾರೆ."