ಗುಂಡಿಯೊಳಗಿನ ಗುಂಡಿ

ನೆರೆಮನೆಯ ನಾಗಯ್ಯ ಗುದ್ದಲಿ ಎತ್ತುವ ಮೊದಲೇ ಮರಿತಾಯಮ್ಮ ಬೇಲಿಯಾಚೆಯಿಂದ ಕೂಗಿದಳು. "ಬ್ಯಾಡ ಕಣವ್ವ! ಸತ್ತೋರ್ನ ಕೆದಕ್‌ಬ್ಯಾಡ!"

ಮೊಮ್ಮಗಳು ಶೋಭಿತಾ ತಿರುಗಿಯೂ ನೋಡಲಿಲ್ಲ. ನಾಳೆ ಜೆಸಿಬಿ ಬರುತ್ತದೆ. ಹೊಸ ರಸ್ತೆಗೆ ಕೊಪ್ಪದ ಸ್ಮಶಾನದ ಈ ಅಂಚು ಹೋಗುತ್ತದೆ. ಅಷ್ಟರೊಳಗೆ ಅಮ್ಮನ ಮೂಳೆಗಳನ್ನು ತೆಗೆದು ಬೇರೆಡೆ ಮಣ್ಣು ಮಾಡಬೇಕು. ಇಲ್ಲದಿದ್ದರೆ ಅಮ್ಮ ಡಾಂಬರಿನಡಿ ಸೇರುತ್ತಾಳೆ.

ಅಜ್ಜಿಯ ಹಟ ಹೊಸದಲ್ಲ. ಮಂಡ್ಯದಲ್ಲಿ ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಮಾನವಶಾಸ್ತ್ರಕ್ಕೆ ಸೇರುತ್ತೇನೆಂದಾಗ, "ಎಣ ಊಳದ್ನೂ ಓದ್ತಾರಾ?" ಎಂದು ಮೂದಲಿಸಿದ್ದಳು. ಮಳವಳ್ಳಿ ಕಡೆಯ ಗುಡ್ಡದ ಪುರಾತನ ಗೋರಿಯಲ್ಲಿ ಸಿಕ್ಕ, ಮೂಳೆ ತುಂಬಿದ ಮಣ್ಣಿನ ಗುಡಾಣದ ಫೋಟೋ ತೋರಿಸಿದರೆ ಎದ್ದೇ ಹೋಗಿದ್ದಳು. ಮನೆಗೆ ಟೈಲ್ಸ್ ಹಾಕಿಸಿದಾಗಲೂ ಅದೇ ಮೊಂಡಾಟ. ಶೋಭಿತಾ ಚಿಕ್ಕಂದಿನಿಂದ ಮಲಗುವ ನಡುಮನೆಯ ಮೂಲೆಯನ್ನು ಮುಟ್ಟಗೊಡಲಿಲ್ಲ. ಅಲ್ಲಿಗೆ ಇಂದಿಗೂ ಸಗಣಿಯೇ ಗತಿ. ಹೆತ್ತ ಮಗಳ ಸಮಾಧಿಗೆ ಒಂದು ಹೂವಿಟ್ಟವಳಲ್ಲ. ಪಕ್ಷದ ಎಡೆಯೂ ಮನೆಯಲ್ಲೇ. ಅಜ್ಜಿಯದು ಕಲ್ಲೆದೆ ಎಂದು ಶೋಭಿತಾ ಎಂದೋ ತೀರ್ಮಾನಿಸಿದ್ದಳು.

ಅವಳಿಗೆ ಅಮ್ಮನ ನೆನಪು ಒಂದೇ: ತುಟಿಯ ಸುತ್ತಲಿನ ಬಿಳಿ, ಹಾಲು ಕುಡಿದು ಒರೆಸಿಕೊಳ್ಳಲು ಮರೆತಂತೆ. ಮಣ್ಣಿಗೆ ಹೋದ ಅಮ್ಮ ಆಮೇಲೆ ಏನಾದಳು? ಆ ಪ್ರಶ್ನೆಯೇ ಅವಳನ್ನು ಈ ಓದಿಗೆ ತಂದಿತ್ತು.

ಮೊಣಕಾಲಾಳ ಅಗೆದ ನಾಗಯ್ಯ ಗುದ್ದಲಿ ಊರಿ ನಿಂತ. "ಇಲ್ಲೇನೂ ಇಲ್ಲ, ಬುಡವ್ವ."

"ಇನ್ನೂ ಅರ್ಧನೂ ಅಗ್ದಿಲ್ಲ. ನಿಮ್ಗೆಂಗೆ ಗೊತ್ತು ಮಾವ?"

ನಾಗಯ್ಯ ಗುಂಡಿಯಿಂದ ಮೇಲೆ ಹತ್ತಿದ. ಶೋಭಿತಾ ಗುಂಡಿಗಿಳಿದು ಮಣ್ಣು ಸವರಿದಳು. ಹಳೆಯ ಗುಂಡಿಯೊಳಗೆ ಇನ್ನೊಂದು ಗುಂಡಿಯ ಅಂಚು. ಒಮ್ಮೆ ಹೂತ ಮೇಲೆ ಯಾರೋ ಮತ್ತೆ ಅಗೆದಿದ್ದಾರೆ.

"ನಿಮ್ಮವ್ವ ಓದ್ಮ್ಯಾಲೆ ಮೂರು ವರ್ಸ ಮಳೆ ಇರ್ನಿಲ್ಲ ಕಣವ್ವ," ನಾಗಯ್ಯ ನೆಲ ನೋಡುತ್ತ ಹೇಳಿದ. "ತೊನ್ನಿದ್ದೋಳ್ನ ಊತವ್ರೆ, ಅದ್ಕೇ ಮಳೆ ಓಯ್ತು ಅಂದ್ರು. ತಗ್ದು ಸುಟ್ಬುಡವ ಅಂತ ಊರೋರೆಲ್ಲ ಬಂದೊ. ಒಂದ್ ಮೂಳೆನೂ ಸಿಗ್ನಿಲ್ಲ. ಎದ್ರುಕೊಂಡು ಮುಚ್ಬುಟ್ಟೊ."

ಹಾಲಲ್ಲ, ತೊನ್ನು. ಊರೂರು ಸುತ್ತಿ ಹೆಣ ಹೂಳುವ ಪದ್ಧತಿ ವಿಚಾರಿಸಿದ ಶೋಭಿತಾ ತನ್ನೂರಿನವರನ್ನು ಒಂದು ಮಾತು ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಬೇಲಿಯ ಬಳಿ ಅಜ್ಜಿ ಇರಲಿಲ್ಲ. ಶೋಭಿತಾ ಗುದ್ದಲಿ ಹಿಡಿದೇ ಮನೆಗೆ ನುಗ್ಗಿದಳು.

"ಊರೋರು ಅಗಿಯಕ್ಕೆ ಬರ್ತಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಅದ್ಕೇ ಅವ್ರಿಗಿಂತ ಮುಂಚ್ಲೇ ನಾನ್ ಓಗಿದ್ದೆ."

ಮರಿತಾಯಮ್ಮ ನಡುಮನೆಯ ಮೂಲೆಯಲ್ಲಿ ಕೂತು ಮೊಮ್ಮಗಳ ಚಾಪೆ ಸುತ್ತಿಟ್ಟಳು. ಸಾರಿಸಿದ ನೆಲವನ್ನು ಸೆರಗಿನಿಂದ ಒರೆಸಿದಳು.

"ಗುದ್ದಲಿ ಬ್ಯಾಡ ಮಗಾ, ಕೈಲೇ ತಗಿ. ಗುಡಾಣದ ಬಾಯಿ ಮ್ಯಾಲೇ ಅದೆ."